ದೆಹಲಿಯಲ್ಲಿ ಬ್ಯಾರನ್ ವಾಸನೆ

ದೆಹಲಿಯ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆಯೇ ಕಾಣಲಿಲ್ಲ. ಬರೀ ಬೂದುಬಣ್ಣದ ಹೊಗೆ. ಹೆದರಬೇಕಾದವಳು ನಾನು, ಪಕ್ಕದಲ್ಲಿ ಯಾರೋ ಬ್ಯಾರನ್ ಹೊತ್ತಿಸಿದ್ದಾರೆ ಅಂದುಕೊಂಡು ಖುಷಿಪಟ್ಟೆ. ಪಿರಿಯಾಪಟ್ಟಣದ ಕಡೆಯವರು ಮಾತ್ರ ಮಾಡಬಲ್ಲ ಪೆದ್ದುತನ ಇದು. ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ, ಸೌದೆ ಉರಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಮನೆಗೆ ನಮ್ಮಲ್ಲಿ ಬ್ಯಾರನ್ ಅನ್ನುತ್ತಾರೆ. ಅದರ ಚಿಮಣಿಯಲ್ಲಿ ಹೊಗೆ ಎದ್ದರೆ ಆ ಮನೆಯವರು ಚೆನ್ನಾಗಿದ್ದಾರೆ ಎಂದೇ ಅರ್ಥ.

ಮನೆ ಓನರ್ ಆಂಟಿ ಅದನ್ನು ‘ಕೋಹರಾ’ ಅಂದರು, ಅಂದರೆ ಮಂಜು. ಹಗ್ಗದ ಮೇಲೆ ಒಣಗಿಹಾಕಿದ ಬಿಳಿ ಬಟ್ಟೆಗೆ ಮಸಿ ಹಿಡಿಸುವ ಮಂಜನ್ನು ನಾನಂತೂ ನಮ್ಮೂರು ಹಾರನಹಳ್ಳಿಯಲ್ಲಿ ಕಂಡಿರಲಿಲ್ಲ. ಆದರೂ ದೂರಲಿಲ್ಲ. ನನ್ನ ಗಂಡ ದುಡಿಯುವ ಸ್ಕೂಟರ್ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಮೂರನೇ ಶಿಫ್ಟ್ ಶುರುವಾಗಿತ್ತು. ನಾವು ಒಂದು ಕೋಣೆಯಿಂದ ಎರಡು ಕೋಣೆಯ ಮನೆಗೆ ಬಂದಿದ್ದೆವು. ಹೊಗೆ ಇರುವ ಕಡೆಯೇ ಅನ್ನವೂ ಇರುತ್ತದೆ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಮೂರನೇ ಚಳಿಗಾಲದಲ್ಲಿ ನಾಲ್ಕು ವರ್ಷದ ಮಗಳ ಎದೆ ಸುಯ್ಯೆಂದು ಸದ್ದು ಮಾಡತೊಡಗಿತು. ಇನ್ನೊಂದು ಚಳಿಗಾಲ ಇವಳನ್ನು ಇಲ್ಲಿ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ನನಗೆ ಗಾಬರಿಯಾಗಲಿಲ್ಲ. ತವರಿದೆಯಲ್ಲ, ಅಲ್ಲಿ ಗಾಳಿಗೇನು ಬರ. ವರ್ಷದ ಮಟ್ಟಿಗೆ ತಮ್ಮನ ಮನೆಯಲ್ಲಿ ಬಿಟ್ಟು ಬರೋಣ ಅಂತ ಶ್ರಾವಣದಲ್ಲಿ ಕರೆದುಕೊಂಡು ಹೋದೆ.

ಶ್ರಾವಣದಲ್ಲಿ ಬ್ಯಾರನ್‌ಗಳೆಲ್ಲ ಉರಿಯುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದೇ? ಗೊತ್ತಿತ್ತು. ಅದನ್ನು ಹೊಗೆ ಎಂದು ಎಣಿಸಿರಲಿಲ್ಲ, ಅಷ್ಟೆ. ನಾನಿದ್ದಾಗ ಊರಲ್ಲಿ ನಾಲ್ಕಿದ್ದ ಚಿಮಣಿ ಈಗ ಹೊಲಕ್ಕೊಂದಾಗಿದ್ದವು. ಊರು ಹೆಂಚಿನಿಂದ ತಾರಸಿಗೆ ಏರಿತ್ತು. ಎರಡನೇ ದಿನವೇ ಮಗಳ ಎದೆಯ ಸದ್ದು ಜೋರಾಯಿತು. ಬ್ಯಾರನ್ ಒಲೆಯ ಬಾಯಲ್ಲಿ ಕೂತಿದ್ದ ನನ್ನ ತಮ್ಮ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟ.

“ಒಲೆ ಆರುಸ್ಬುಟ್ರೆ ಸೊಪ್ಪೆಲ್ಲ ಕರ್ರಗಾಯ್ತದೆ ಕಣಕ್ಕ. ಆದ್ರೂ ನೀ ಅಂದ್ರೆ ಈಗ್ಲೇ ಆರುಸ್ತೀನಿ.”

ನನ್ನ ಓದು, ಮದುವೆ, ದೆಹಲಿಗೆ ಹೊತ್ತೊಯ್ದ ಟ್ರಂಕು, ಎಲ್ಲವೂ ಆ ಒಲೆಯಿಂದಲೇ ಬಂದದ್ದು. ಅವನು ಆರಿಸಿದರೂ ಉಳಿದ ಹೊಲಗಳ ಚಿಮಣಿಗಳನ್ನು ಆರಿಸುವವರು ಯಾರು?

“ಬೇಡ ಬುಡು, ಸೌದೆ ಹಾಕು,” ಅಂದೆ. ಅವನು ಅಲ್ಲಾಡಲಿಲ್ಲ. ಕೊನೆಗೆ ನಾನೇ ಒಂದು ಕೊರಡನ್ನು ಒಲೆಗೆ ತಳ್ಳಿದೆ. ಮಾರನೇ ದಿನ ಮಗಳನ್ನು ಕರೆದುಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ.

ಈಗ ನಾಲ್ಕನೇ ಚಳಿಗಾಲ. ಈ ಬೆಳಿಗ್ಗೆ ಬಾಗಿಲು ತೆಗೆದಾಗ ಮಗಳು ನನಗಿಂತ ಮುಂಚೆ ಹೊಸ್ತಿಲಿಗೆ ಬಂದು ಮೂಗರಳಿಸಿದಳು.

“ಅಮ್ಮಾ, ಮಾವನ ಊರು ಬಂತು,” ಎಂದು ನಕ್ಕಳು.

ಅವಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದೆ.