ದೊಡ್ಡ ರಾಕ್ಷಸನಿಗೆ ಅಂತ ಇಟ್ಟುಕೊಂಡ ಕಾರ್ಡು

ಮೊನ್ನೆ ಭಾನುವಾರ ನಾನು ಸತ್ತೆ. ಗಾಬರಿಯಾಗಬೇಡಿ, ಫೋನಿನಲ್ಲಿ. ಸತ್ತದ್ದಕ್ಕಿಂತ ಬೇಜಾರಾದದ್ದು ಏನು ಗೊತ್ತಾ? ನನ್ನನ್ನು ಉಳಿಸಬಹುದಾಗಿದ್ದ ಕಾರ್ಡು ಕೈಯಲ್ಲೇ ಇತ್ತು.

ಇದು ಇಸ್ಪೀಟ್ ಅಲ್ಲ (ನಮ್ಮತ್ತೆ ಇದ್ದಿದ್ದರೆ ಹಾಗೇ ಅಂದುಕೊಂಡು ಫೋನ್ ಕಿತ್ತಿಟ್ಟುಕೊಳ್ಳುತ್ತಿದ್ದರು). ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಓದುವ ಮಗಳು ಮೇಘನಾ ಹಾಕಿಕೊಟ್ಟ ವಿಡಿಯೋ ಗೇಮ್. ಶುರುವಿನಲ್ಲಿ ಒಂದಿಷ್ಟು ಸಪ್ಪೆ ಕಾರ್ಡು ಕೊಡುತ್ತಾರೆ. ಒಂದೊಂದು ರೌಂಡ್ ಗೆದ್ದಾಗಲೂ ಹೊಸ ಕಾರ್ಡು ಆರಿಸಿ ಕಟ್ಟು ಬೆಳೆಸಿಕೊಳ್ಳಬೇಕು. ನಡುನಡುವೆ ರಾಕ್ಷಸ ಬರುತ್ತಾನೆ. ಅಲ್ಲೇ ನನ್ನ ಕಥೆ ಮುಗಿಯೋದು.

ಮೊದಮೊದಲು ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡೆ. ಕಟ್ಟು ದಪ್ಪವಾಯಿತು, ಬೇಕಾದ ಕಾರ್ಡು ಬೇಕಾದಾಗ ಕೈಗೆ ಬರಲೇ ಇಲ್ಲ. "ಇದು ಸಂತೆ ಬ್ಯಾಗ್ ಅಲ್ಲಮ್ಮ. ಸಪ್ಪೆದನ್ನೆಲ್ಲ ತೆಗೆದು ಬಿಸಾಕು" ಅಂದಳು ಮೇಘನಾ. ಬಿಸಾಕಿದೆ. ಆಟ ಸುಧಾರಿಸಿತು. ಆದರೆ ಇನ್ನೊಂದು ಚಟ ಹೋಗಲಿಲ್ಲ. ಎಂಥ ಗಾಯವನ್ನೂ ಮಾಯಿಸುವ, ಒಂದೇ ಸಲ ಬಳಸಬಹುದಾದ ಕಾರ್ಡೊಂದು ನನ್ನ ಹತ್ತಿರ ಇತ್ತು. ರಾಕ್ಷಸ ಎಷ್ಟು ಜೋರಾಗಿ ಹೊಡೀತಾನೆ ಅಂತ ಅವನ ತಲೆ ಮೇಲೇ ತೋರಿಸ್ತಿತ್ತು. ಆದರೂ ನಾನು ಇರಲಿ ಇರಲಿ, ಮುಂದೆ ಇನ್ನೂ ದೊಡ್ಡ ರಾಕ್ಷಸ ಬರ್ತಾನಲ್ಲ ಅಂತ ಬಚ್ಚಿಟ್ಟುಕೊಂಡೇ ಕೂತಿದ್ದೆ.

"ಈ ರೌಂಡ್ ದಾಟಿದ್ರೆ ತಾನೇ ಅಮ್ಮ ಮುಂದಿನದು?" ಅಂದಳು ಮಗಳು.

ನಗಬೇಕಿತ್ತು. ನಗು ಬರಲಿಲ್ಲ. ಯಾಕೆಂದರೆ ಪಕ್ಕದ ಕೋಣೆಯಲ್ಲಿ ನಮ್ಮನೆಯವರು ಕೆಮ್ಮುತ್ತಿದ್ದರು.

ಅವರು ಚಿಂತಾಮಣಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಶಿವರಾತ್ರಿಯಿಂದೀಚೆಗೆ ಗಂಟಲು ಕಟ್ಟಿಕೊಂಡಿದೆ. ಮಕ್ಕಳ ಮೇಲೆ ಕೂಗಾಡಿದ್ದಕ್ಕೆ ಅಂದುಕೊಂಡೆವು. ಮೆಣಸಿನ ಕಷಾಯ, ಉಪ್ಪುನೀರು ಎಲ್ಲ ಆಯ್ತು. ಬೇಸಿಗೆ ರಜ ಬಂತು, ಕೂಗಾಡೋದು ನಿಂತಿತು, ದನಿ ಮಾತ್ರ ಬರಲಿಲ್ಲ. ಕೇಳಿದರೆ ಒಡಕು ದನಿಯಲ್ಲಿ "ಪರ್ವಾಲೇದು" ಅಂತಾರೆ. (ನಮ್ಮ ಕಡೆ ಮಾತು ಕನ್ನಡವಾದರೂ ಸಮಾಧಾನ ತೆಲುಗಿನದೇ.) ಊರಿನ ಡಾಕ್ಟರು, "ಬೆಂಗಳೂರಲ್ಲಿ ಸ್ಪೆಷಲಿಸ್ಟ್‌ಗೆ ತೋರಿಸಿಬಿಡಿ, ತಡ ಮಾಡಬೇಡಿ" ಅಂದರು. ತಡ ಮಾಡಬೇಡಿ ಅಂತ ಯಾಕಂದ್ರು? ಆ ಕಾಯಿಲೆಯ ಹೆಸರನ್ನು ನಾನೂ ಎತ್ತಿಲ್ಲ, ಇವರೂ ಎತ್ತಿಲ್ಲ. ಊಟಕ್ಕೆ ಕೂತಾಗ ಇವರು ತುತ್ತು ನುಂಗೋದನ್ನೇ ನೋಡ್ತಾ ಇರ್ತೀನಿ.

ಅಂಥ ಸ್ಪೆಷಲಿಸ್ಟ್ ನಮಗೆ ಗೊತ್ತಿಲ್ಲ ಅಂತಲ್ಲ. ಇವರ ಹಳೇ ಶಿಷ್ಯನೊಬ್ಬ ಬೆಂಗಳೂರಲ್ಲಿ ಗಂಟಲಿನ ಡಾಕ್ಟರು. ಹಿಂದೊಮ್ಮೆ ಕೈವಾರಕ್ಕೆ ಬಂದವನು ಮನೆಗೂ ಬಂದು, ಕಾಲು ಮುಟ್ಟಿ, "ಏನೇ ಇದ್ರೂ ಒಂದು ಫೋನ್ ಮಾಡಿ ಸಾರ್" ಅಂತ ನಂಬರ್ ಕೊಟ್ಟು ಹೋಗಿದ್ದ. ಇವರು ಮಾಡಲೇ ಇಲ್ಲ. "ಶಿಷ್ಯನ ಹತ್ರ ಕೈ ಚಾಚೋದು ಒಂದೇ ಸಲ ಕಣೇ. ದೊಡ್ಡದು ಏನಾದ್ರೂ ಬಂದಾಗ ಇರಲಿ."

ನಮ್ಮ ಜನವೆಲ್ಲ ಹೀಗೇ ಅಲ್ವಾ? ಪ್ರತಿ ಮನೆಗೂ ಯಾರೋ ಒಬ್ಬರು 'ಪರಿಚಯದವರು' ಇರ್ತಾರೆ. ತಾಲ್ಲೂಕಾಫೀಸಿನಲ್ಲೋ ಆಸ್ಪತ್ರೆಯಲ್ಲೋ. ಸಣ್ಣದಕ್ಕೆಲ್ಲ ಬಳಸಿದರೆ ಎಲ್ಲಿ ಸವೆದುಹೋಗ್ತಾರೋ ಅನ್ನೋ ಭಯ. ಕಷ್ಟ ಬಂದು ಬಾಗಿಲಲ್ಲಿ ಕೂತಿದ್ದರೂ, ಇದು ಆ ಕಷ್ಟ ಅಲ್ಲ, ಅದು ಇನ್ನೂ ಬರಬೇಕು ಅಂತ ನಂಬಿಸಿಕೊಳ್ತೀವಿ. ಇದು ಸಂಕೋಚವೋ, ಹೆದರಿಕೆಯೋ? ಫೋನ್ ಮಾಡಿಬಿಟ್ಟರೆ ಇದೇ ದೊಡ್ಡದು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ನಾನೂ ಇಷ್ಟು ದಿನ ಜೋರು ಮಾಡಿರಲಿಲ್ಲ.

ಸೋಮವಾರ ಬೆಳಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನೇ ಮಾಡಿದೆ. "ಮೇಷ್ಟ್ರ ಮನೆಯಿಂದಪ್ಪ" ಅಂದೆ. ಅಷ್ಟಕ್ಕೇ ಗುರುತು ಹಿಡಿದು "ಹೇಳಿ ಅಮ್ಮ" ಅಂದ. ಎಲ್ಲ ಕೇಳಿಸಿಕೊಂಡ. ಎಷ್ಟು ದಿನದಿಂದ ಅಂತ ಎರಡು ಸಲ ಕೇಳಿದ. ಆ ಎರಡನೇ ಸಲ ಕೇಳಿದ್ದು ಇದೆಯಲ್ಲ, ಅದು ನನಗೆ ಬೇಕಿರಲಿಲ್ಲ.

"ನಾಳೇನೇ ಕರ್ಕೊಂಡು ಬನ್ನಿ" ಅಂದ.

ಇವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. ವಿಷಯ ಹೇಳಿದೆ. ಸಿಟ್ಟು ಬಂತು, ಕೂಗಾಡೋಕೆ ದನಿ ಇರಲಿಲ್ಲ. ಪಿಸುಗುಟ್ಟಿದರು. "ಇದಕ್ಕೇ ಫೋನ್ ಮಾಡಿಬಿಟ್ಯಲ್ಲೇ. ಮುಂದೆ ದೊಡ್ಡದು ಏನಾದ್ರೂ ಬಂದ್ರೆ?"

ನಿಮಗಿಂತ ದೊಡ್ಡದು ನನಗೆ ಇನ್ನೇನಿದೆ ರೀ?