ಲಗ್ನಪತ್ರಿಕೆಯ ನೆತ್ತಿಯ ಚಕ್ರ

ಗಣಿತದ ಪ್ರಶ್ನೆಪತ್ರಿಕೆಯನ್ನು ಟೈಪಿಂಗಿಗೆ ಕೊಟ್ಟು ತಲೆಕೆಡಿಸಿಕೊಳ್ಳದ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ವರ್ಗಮೂಲ ಬರಬೇಕಾದ ಕಡೆ ಖಾಲಿ ಬಿಟ್ಟು, "ಪೆನ್ನಲ್ಲಿ ಹಾಕ್ಕೊಳ್ಳಿ ಸಾರ್" ಎಂದು ಹಲ್ಲು ಕಿರಿಯುವವರೇ ಎಲ್ಲ ಅಂಗಡಿಗಳಲ್ಲೂ ಕೂತಿದ್ದರು. ನಾನು ಚಿಕ್ಕಯ್ಯನಛತ್ರದ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು. ಪೆನ್ನಲ್ಲಿ ಹಾಕಿಕೊಂಡು ಹಾಕಿಕೊಂಡು ಸಾಕಾಗಿ, ಒಂದು ದಿನ ನಂಜನಗೂಡಿನ ಅಮೃತೇಶನ ಡಿ.ಟಿ.ಪಿ. ಅಂಗಡಿಗೆ ಹೋದೆ. ಅಲ್ಲಿ ಕೋಮಲ ಇದ್ದಳು.

ಕವಲಂದೆಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿ. ಮಾತು ಕಡಿಮೆ. ಚಿಹ್ನೆಗಳಿಗೆಂದೇ ಇರುವ ಫಾಂಟಿನಲ್ಲಿ p ಒತ್ತಿದರೆ π, q ಒತ್ತಿದರೆ θ. ಆಲ್ಟ್ ಕೀಲಿ ಹಿಡಿದುಕೊಂಡು ಬಲಗಡೆಯ ಅಂಕಿಗಳಲ್ಲಿ 0214 ಹೊಡೆದರೆ √. ಓರೆಗೀಟಿನ ಕೀಲಿ ಒತ್ತಿದರೆ ಮೂರು ಚುಕ್ಕಿಯ ∴. ಇವೆಲ್ಲ ಅವಳ ಬೆರಳಿಗೆ ಬಾಯಿಪಾಠ. ನನ್ನ ಪತ್ರಿಕೆಯಲ್ಲಿ ಒಂದೇ ಒಂದು ಖಾಲಿ ಜಾಗ ಇರಲಿಲ್ಲ. ನನಗೆ ನಿಜಕ್ಕೂ ಖುಷಿಯಾಯಿತು. ಯಾರನ್ನೂ ಹೊಗಳುವ ಅಭ್ಯಾಸವಿಲ್ಲದ್ದರಿಂದ, "ಪರವಾಗಿಲ್ಲ" ಎಂದು ಹೇಳಿ ಬಂದೆ.

ಖಾಲಿ ಜಾಗವೆಂದರೆ ಅವಳಿಗೂ ಆಗುತ್ತಿರಲಿಲ್ಲ. ಕಾರಣ ಗೊತ್ತಾದದ್ದು ಬಹಳ ದಿನದ ಮೇಲೆ. ಅವಳ ತಂದೆ ಮಂಟೇಸ್ವಾಮಿಯವರು ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಕೆಲಸ ಮಾಡಿ ಮಾಡಿ ಕೈನಡುಕ ಹತ್ತಿಸಿಕೊಂಡಿದ್ದರು. ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ಮರುವರ್ಷವೇ ಹಿರಿಯ ಮಗ ನಾಗೇಂದ್ರನ ಮದುವೆ ಬಂತು. ಕಾರ್ಡಿನ ಮೇಲೆ ಧಮ್ಮಚಕ್ರ ಬೇಕೆಂದು ಇವರು ಕೇಳಿದರೆ, ಅಚ್ಚುಮೊಳೆಯ ಪ್ರೆಸ್ಸಿನವನು ಖಾನೆ ಎಳೆದು ತೋರಿಸಿದನಂತೆ: "ಗಣಪತಿ ಐತೆ, ಓಂ ಐತೆ, ಶಿಲುಬೆ ಐತೆ, ಚಂದ್ರ ಐತೆ. ನಿಮ್ದು ಇಲ್ಲ ಕಣಪ್ಪ." ಹೀಗಾಗಿ ಕಾರ್ಡಿನ ನೆತ್ತಿ ಬೋಳಾಗಿಯೇ ಅಚ್ಚಾಯಿತು. ಕೊಟ್ಟ ಕಡೆಯಲ್ಲೆಲ್ಲ ನೆಂಟರು ತಿರುಗಿಸಿ ಮುರುಗಿಸಿ ನೋಡಿ, "ಇದೇನಣ್ಣ, ತಿಥಿ ಕಾರ್ಡಾ?" ಎಂದು ಕೇಳಿದರು. ಆ ಮಾತು ಮಂಟೇಸ್ವಾಮಿಯವರ ಎದೆಯೊಳಗೆ ಕೂತುಬಿಟ್ಟಿತು. ಆಗ ಕೋಮಲ ಇನ್ನೂ ಶಾಲೆಯಲ್ಲಿದ್ದಳು.

ಅಮೃತೇಶನ ಅಂಗಡಿ ಸೇರಿದ ಹೊಸದರಲ್ಲಿ, ಬರೀ ಚಿತ್ರಗಳೇ ಇರುವ ಇನ್ನೊಂದು ಫಾಂಟನ್ನು ಜಾಲಾಡುವಾಗ ಅವಳಿಗೆ ಚಕ್ರ ಸಿಕ್ಕಿತು. ಎಂಟು ಅರಗಳ ಚಕ್ರ, ಓಂಕಾರದ ಪಕ್ಕದ ಮನೆಯಲ್ಲೇ. ನನ್ನ ಪತ್ರಿಕೆಗೆ ∴ ಕೊಡುತ್ತಿದ್ದ ಓರೆಗೀಟಿನ ಕೀಲಿ ಇಲ್ಲಿ ಓಂ ಕೊಡುತ್ತಿತ್ತು. ಅದರ ಪಕ್ಕದ ಆವರಣದ ಕೀಲಿ ಚಕ್ರ ಕೊಡುತ್ತಿತ್ತು. ಅವಳು ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. "ನಿನ್ ಮದುವ್ಗೆ ಆಕ್ಸೋಣ ಬುಡವ್ವ" ಎಂದರಂತೆ ಅವರು.

ಮದುವೆ ಗೊತ್ತಾದದ್ದು 2003ರಲ್ಲಿ, ಹೆಮ್ಮಿಗೆಯ ರಾಜೇಂದ್ರನ ಜೊತೆ. ಕರೆಂಟ್ ಇಲಾಖೆಯ ಲೈನ್‌ಮನ್, ಒಳ್ಳೆಯ ಹುಡುಗ. ಅವರೂ ಇವರದೇ ಜನ, ಆದರೆ ದೀಕ್ಷೆ ತೆಗೆದುಕೊಂಡವರಲ್ಲ. ರಾಜೇಂದ್ರನ ತಾಯಿ ಗೋವಿಂದಮ್ಮ, ಗಂಡ ಹೋದ ಮೇಲೆ ಕೂಲಿ ಮಾಡಿ ಮಗನನ್ನು ಬೆಳೆಸಿದ ಗಟ್ಟಿಗಿತ್ತಿ. ಎರಡೂ ಕಡೆಗೆ ಒಂದೇ ಕಾರ್ಡು ಎಂದು ಮಾತಾಗಿತ್ತು. ಕಾರ್ಡಿನ ಮಾತು ಮುಗಿಸಲು ಎಲ್ಲರೂ ಅಂಗಡಿಗೆ ಬಂದ ದಿನ ನಾನೂ ಅರ್ಧವಾರ್ಷಿಕದ ಪತ್ರಿಕೆ ಹಿಡಿದು ಅಲ್ಲೇ ಕೂತಿದ್ದೆ.

"ಓಂ ಇಲ್ದಿದ್ ಕಾರ್ಡ ನಾನು ಯಾರ್ ಮನೆಗೂ ಕೊಡಾಕಿಲ್ಲ ಬೀಗ್ರೇ," ಎಂದರು ಗೋವಿಂದಮ್ಮ.

"ಚಕ್ರ ಇಲ್ದಿದ್ರೆ ಈ ಮದುವ್ಗೆ ನಾನೇ ಬರಾಕಿಲ್ಲ," ಎಂದರು ಮಂಟೇಸ್ವಾಮಿ. "ದೀಕ್ಷೆ ತಗಂಡಿರೋ ಕೈ ಇದು ತಾಯಿ. ಈ ಕೈಲಿ ಓಂ ಅಂತ ಬರಿಯಾಕಿಲ್ಲ, ಬರ್ಸಾಕೂ ಇಲ್ಲ."

"ಅಂಗಾದ್ರೆ ಮಗಳ್ನ ಮನೇಲೇ ಮಡಿಕಳಿ!"

ರಾಜೇಂದ್ರ ಫ್ಯಾನಿನ ವೈರಿಂಗ್ ಪರೀಕ್ಷಿಸುವವನಂತೆ ಸೂರು ನೋಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೇ ಬಂತು. ಕೋಮಲ ಮಾತ್ರ ಎರಡು ಕೀಲಿ ಒತ್ತಿ, ಫಾಂಟ್ ಬದಲಿಸಿ, ಪರದೆಯನ್ನು ಅತ್ತೆಯಾಗುವವರ ಕಡೆ ತಿರುಗಿಸಿದಳು. ಓಂ ಮತ್ತು ಚಕ್ರ ಅಕ್ಕಪಕ್ಕ ಕೂತಿದ್ದವು.

"ಕಂಪ್ಯೂಟರ್‌ನಲ್ಲೇ ಇಂಗೆ ಪಕ್ಕಪಕ್ಕ ಇರೋದು ಅತ್ತೆ. ನಾನು ಕೂರ್ಸಿದ್ದಲ್ಲ."

ಗೋವಿಂದಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಮೊದ್ಲಿರೋದು ನಮ್ದೇ ತಾನೆ?"

"ನಿಮ್ದೇ ಅತ್ತೆ."

"ಅಂಗಾದ್ರೆ ಇರ್ಲಿ ಬುಡು."

ಮಂಟೇಸ್ವಾಮಿಯವರು ಚಕ್ರದಿಂದ ಕಣ್ಣು ತೆಗೆಯಲೇ ಇಲ್ಲ. ಓಂ ಎಲ್ಲಿದೆ ಎಂಬುದು ಅವರಿಗೆ ಬೇಕಾಗಿರಲಿಲ್ಲ.

ಅಮೃತೇಶ ಫ್ಲಾಪಿ ಹಿಡಿದು ಮೈಸೂರಿನ ಒಂದು ಪ್ರೆಸ್ಸಿಗೆ ಹೋಗಿ ಕೊಟ್ಟು ಬಂದ. ಅಲ್ಲಿನ ಆಪರೇಟರನಿಗೆ ಅಕ್ಷರ ಇನ್ನಷ್ಟು ದುಂಡಗೆ ಮಾಡುವ ಚಪಲ. ಇಡೀ ಪುಟವನ್ನು ಒಟ್ಟಿಗೆ ಹಿಡಿದು ತನಗಿಷ್ಟವಾದ ಕನ್ನಡ ಫಾಂಟಿಗೆ ಬದಲಿಸಿದ. ಕನ್ನಡ ದುಂಡಗಾಯಿತು. ಚಿತ್ರಗಳೆರಡೂ ಮಾಯವಾಗಿ ಅವುಗಳ ಜಾಗದಲ್ಲಿ ಬರೀ ಕೀಲಿಯ ಗುರುತು ಉಳಿಯಿತು. ಕವಲಂದೆಯಲ್ಲಿ ಕಟ್ಟು ಬಿಚ್ಚಿದಾಗ ಪ್ರತಿ ಕಾರ್ಡಿನ ನೆತ್ತಿಯಲ್ಲೂ ಒಂದು ಓರೆಗೀಟು, ಒಂದು ಅರ್ಧ ಆವರಣ: \ ].

ಮುಂದಿನದನ್ನು ನನಗೆ ಹೇಳಿದ್ದು ಕೋಮಲಳೇ. ಮತ್ತೆ ಅಚ್ಚು ಹಾಕಿಸೋಣವೆಂದರೆ ಮದುವೆಯ ಕಾಲ, ಪ್ರೆಸ್ಸಿನವನು ಆಗುವುದಿಲ್ಲವೆಂದು ಕೈಯಲ್ಲಾಡಿಸಿಬಿಟ್ಟ. "ಅವೆರಡ್ನೂ ಅಕ್ಷರವಾಗಿ ಬಿಡ್ದೆ ಚಿತ್ರ ಮಾಡಿ ಕಳಿಸ್ಬೇಕಿತ್ತಪ್ಪ, ನಂಗೆ ಒಳೀಲಿಲ್ಲ" ಎಂದು ಅವಳು ಅತ್ತಳಂತೆ. ಮಂಟೇಸ್ವಾಮಿಯವರು, "ನಮ್ ಕಾರ್ಡ್ ಅಣೆಬರಾನೇ ಇಷ್ಟು" ಎಂದಷ್ಟೇ ಹೇಳಿ ಜಗುಲಿಯಲ್ಲಿ ಕೂತರು. ಆಮೇಲೆ ತಾವೇ ಎದ್ದು ಬಂದು, ಮಗಳು ವೈಟ್ನರ್ ಹಚ್ಚಿ ಒಣಗಿಸಿದ ಕಾರ್ಡುಗಳ ಮೇಲೆ ಪೆನ್ನಿನಲ್ಲಿ ಚಕ್ರ ಬರೆಯಲು ಶುರು ಮಾಡಿದರು. ನಡುಗುವ ಕೈ; ಚಕ್ರ ಹೋಗಿ ಆಲೂಗಡ್ಡೆಯಾಯಿತು.

ತಮ್ಮ ಪಾಲಿನ ಕಾರ್ಡು ತೆಗೆದುಕೊಂಡು ಹೋಗಲು ಗೋವಿಂದಮ್ಮ ಬಂದದ್ದು ಆ ಹೊತ್ತಿಗೆ. ನಡೆದದ್ದು ಕೇಳಿ ಜಗಳವಾಡುತ್ತಾರೆಂದೇ ಎಲ್ಲರೂ ಅಂದುಕೊಂಡರು. ಅವರು ಬೀಗರು ಬರೆದ ಚಕ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಥೂ, ಇಂಗೂ ಬರ್ದಾರಾ? ಇದ ನಮ್ಮೂರಲ್ಲಿ ಕೊಟ್ರೆ ನಗಾಕಿಲ್ವಾ? ತತ್ತಾ ಇಲ್ಲಿ."

ಅಕ್ಷರ ಬಾರದ, ಪೆನ್ನನ್ನೇ ಹಿಡಿದು ಗೊತ್ತಿಲ್ಲದ ಹೆಂಗಸು. ಆದರೆ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟ ಕೈ. ಮೊದಲು ಎಂಟು ಚುಕ್ಕಿ ಇಡುತ್ತಿದ್ದರು, ಆಮೇಲೆ ಸುತ್ತ ಗೆರೆ, ಆಮೇಲೆ ಅರ. ಮನೆಯವರೆಲ್ಲ ನೋಡುತ್ತಾ ನಿಂತರು. ಊಟಕ್ಕೆ ಎಬ್ಬಿಸಿದರೂ ಏಳದೆ ಅಷ್ಟೂ ಕಾರ್ಡಿಗೆ ಬರೆದು, ಸೊಂಟ ಹಿಡಿದುಕೊಂಡು ಎದ್ದರು.

ನನಗೆ ಬಂದ ಕಾರ್ಡಿನ ಚಕ್ರದ ಮೇಲೆ ನಾನು ಕೋನಮಾಪಕ ಇಟ್ಟು ನೋಡಿದ್ದುಂಟು. ಕಸುಬು ಎಲ್ಲಿ ಬಿಡುತ್ತದೆ? ಅರಗಳ ನಡುವೆ ನಲವತ್ತೈದು ಡಿಗ್ರಿ, ಹೆಚ್ಚೂಕಡಿಮೆ ಸರಿಯಾಗಿತ್ತು. ಆದರೆ ಅದರ ಪಕ್ಕದಲ್ಲಿದ್ದ ಓಂ ಕನ್ನಡ ಅಕ್ಷರದಲ್ಲಿತ್ತು, ಸೊಟ್ಟಗಿತ್ತು, ಪೆನ್ನು ಒತ್ತಿದ ಗುರುತು ಕಾರ್ಡಿನ ಹಿಂಬದಿಗೂ ಮೂಡಿತ್ತು. ಮದುವೆಯ ರಜೆ ಮುಗಿಸಿ ಕೋಮಲ ಅಂಗಡಿಗೆ ಬಂದಾಗ ಕೇಳಿದೆ.

"ಚಕ್ರ ನಿಮ್ಮತ್ತೆಯದು ಸರಿ. ಓಂ ಬರೆದದ್ದು ಯಾರಮ್ಮ?"

"ನಮ್ಮಪ್ಪ ಸಾ," ಎಂದಳು. "ಕೈ ನಡುಗ್ತಿತ್ತು. ನಾನು ಬರೀತೀನಿ ಕೊಡಪ್ಪ ಅಂದ್ರೂ ಪೆನ್ನು ಕೊಡ್ಲಿಲ್ಲ."