ತಾವರಗೇರಾದವರೆಗೆ ನಿಂತುಕೊಂಡೇ

ನಿದ್ದೆ ಬಾರದವರಿಗೆ ಸಲಹೆ ಕೊಡುವವರನ್ನೆಲ್ಲ ಒಂದು ಕೋಣೆಗೆ ತುಂಬಿ, ಹೊರಗಿನಿಂದ ಚಿಲಕ ಹಾಕಿ, ಒಬ್ಬರ ಸಲಹೆಯನ್ನು ಇನ್ನೊಬ್ಬರು ಬೆಳಗಿನತನಕ ಕೇಳುವಂತೆ ಮಾಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಗಸಗಸೆ ಪಾಯಸ ಕುಡಿ ಎಂದರು, ಕುಡಿದೆ. ಅಂಗಾಲಿಗೆ ತುಪ್ಪ ಸವರಿ ಕಂಚಿನ ಬಟ್ಟಲಿನಿಂದ ತಿಕ್ಕಿಕೋ ಎಂದರು, ತಿಕ್ಕಿಕೊಂಡೆ. ಮಂಚದ ದಿಕ್ಕು ಬದಲಿಸು ಎಂದರು, ಎಳೆದೆ. ತೂಕ ಹೆಚ್ಚಿತು, ಅಂಗಾಲು ಮಿಂಚಿದವು, ನೆಲದ ಮೇಲೆ ಗೀರು ಬಿತ್ತು. ನಿದ್ದೆ ಬರಲಿಲ್ಲ. ಸಲಹೆ ಕೊಡದೆ ಇದ್ದವರೆಂದರೆ ನಮ್ಮ ಅತ್ತೆ ಮಾತ್ರ. ಅವರು ಇದು ಹೊಟ್ಟೆ ತುಂಬಿದವರಿಗೆ ಬರುವ ರೋಗ ಎಂದು ತೀರ್ಪು ಕೊಟ್ಟು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಗಂಡನದು ಇನ್ನೊಂದು ಕಥೆ. ಗಂಗಾವತಿಯ ಗೊಬ್ಬರದಂಗಡಿ ಮುಚ್ಚಿ ಬಂದು, ಉಂಡು, ದಿಂಬಿಗೆ ತಲೆ ಕೊಟ್ಟು, 'ನೀ ಭಾಳ ವಿಚಾರ ಮಾಡ್ತಿ' ಎನ್ನುವಷ್ಟರಲ್ಲಿ ಗೊರಕೆ ಶುರು. ಆ ಮಾತು ಸುಳ್ಳೇನೂ ಅಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬಲ್ಲಿಂದ ಹೊರಟರೆ ನಾನು ನಮ್ಮ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ, ಎಡಗಣ್ಣು ಅದುರಿದ್ದು, ಓಣಿಯ ಟ್ರಾನ್ಸ್‌ಫಾರ್ಮರ್, ಎಲ್ಲ ಸುತ್ತಿ ಮತ್ತೆ ಗ್ಯಾಸಿಗೇ ಬರುತ್ತಿದ್ದೆ. ಆದರೆ ನಿದ್ದೆ ಮಾಡುತ್ತಲೇ ನಿದ್ದೆಯ ಬಗ್ಗೆ ಉಪದೇಶ ಮಾಡುವ ಮನುಷ್ಯನ ಮೇಲೆ ಬರುವ ಸಿಟ್ಟು ಬೇರೆಯದೇ. ಅದೊಂದೇ ಸಾಕಿತ್ತು, ನನ್ನನ್ನು ಬೆಳಗಿನವರೆಗೆ ಎಚ್ಚರವಿಡಲು.

ಕೊನೆಗೆ ಗುಳಿಗೆಗೆ ಬಂದೆ. ಮೊದಲು ಸಹೋದ್ಯೋಗಿಯೊಬ್ಬರ ಪರ್ಸಿನಿಂದ ಅರ್ಧ, ಆಮೇಲೆ ನನ್ನದೇ ಗುಳಿಗೆ ಪಟ್ಟಿ, ಆಮೇಲೆ ದಿನಕ್ಕೊಂದು. ರಾತ್ರಿ ಕಳೆಯುತ್ತಿತ್ತು, ಆದರೆ ಮರುದಿನ ಮಧ್ಯಾಹ್ನದವರೆಗೂ ತಲೆಯೊಳಗೆ ಹಸಿ ಹತ್ತಿ ತುರುಕಿದಂತೆ. ಒಂದು ದಿನ ತಾವರಗೇರಾದ ನಮ್ಮ ಶಾಲೆಯಲ್ಲಿ, ಹತ್ತನೆಯವರಿಗೆ ನಕಾಶೆ ತೆಗೆಯಲು ಹೇಳಿ ಕುರ್ಚಿಯಲ್ಲಿ ಕೂತವಳು ಗಂಟೆ ಹೊಡೆದಾಗಲೇ ಎದ್ದೆ. ಅಷ್ಟೂ ಹೊತ್ತು ಮಕ್ಕಳು ಕಮಕ್ ಕಿಮಕ್ ಎಂದಿರಲಿಲ್ಲ. ಯಾರೋ ಸದ್ದು ಬಾರದಂತೆ ಬಾಗಿಲು ಮುಂದೆ ಮಾಡಿದ್ದರು, ಯಾರೋ ಫ್ಯಾನಿನ ಸ್ಪೀಡು ಹೆಚ್ಚಿಸಿದ್ದರು. ಇಪ್ಪತ್ತೆರಡು ವರ್ಷ ಗದ್ದಲ ಮಾಡಬೇಡಿ ಎಂದು ಬೆತ್ತ ಕುಟ್ಟಿದವಳಿಗೆ ಅವರು ತೋರಿದ ಆ ಕರುಣೆಯಷ್ಟು ದೊಡ್ಡ ಅವಮಾನ ಬೇರೆ ಆಗಿಲ್ಲ. ಗುಳಿಗೆ ಬಿಡಬೇಕು, ಬಿಟ್ಟೂ ಮಲಗಬೇಕು. ಇಲ್ಲದಿದ್ದರೆ ಈ ನೌಕರಿ ನನ್ನಿಂದಾಗದು ಎಂದು ಅಂದೇ ಖಾತ್ರಿಯಾಯಿತು.

ಗಂಗಾವತಿಯಲ್ಲೇ ಒಬ್ಬ ಹಿರಿಯ ಡಾಕ್ಟರ ಬಳಿ ಹೋದೆ. ತಾವರಗೇರಾದ ಸರಕಾರಿ ಆಸ್ಪತ್ರೆಗೆ ಹೋಗಿದ್ದರೆ ಚೀಟಿ ಬರೆಸುವ ಮೊದಲೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಡಾಕ್ಟರು ಎಲ್ಲ ಕೇಳಿ, ಹಗಲು ಎಷ್ಟು ಮಲಗುತ್ತೀರಿ ಎಂದರು. ಹಗಲು ನನಗೆಲ್ಲಿ ಪುರಸೊತ್ತು ಎಂದೆ, ಸ್ವಲ್ಪ ಜಂಬದಿಂದಲೇ.

"ಬಸ್ಸಿನ್ಯಾಗ?"

ಮನೆ ಗಂಗಾವತಿಯಲ್ಲಿ, ಶಾಲೆ ತಾವರಗೇರಾದಲ್ಲಿ, ದಿನಾ ಬಸ್ಸು. ಅದು ಊರು ದಾಟಿದರೆ ನನಗೆ ಲೋಕದ ಪರಿವೆಯಿಲ್ಲ. ಹೋಗುವಾಗ ಒಂದು ತಾಸಿಗೂ ಮೇಲೆ, ಬರುವಾಗ ಅಷ್ಟೇ.

"ನಿದ್ದಿ ಎಲ್ಲಾ ಬಸ್ಸಿಗೆ ಕೊಟ್ಟ್ ಬರ್ತೀರಿ. ಹಾಸಿಗಿಗೆ ಏನ್ ಉಳೀಬೇಕ್ರಿ?" ಎಂದರು.

ಗುಳಿಗೆಯನ್ನು ಒಮ್ಮೆಲೇ ಬಿಡುವಂತಿಲ್ಲ, ತಾವು ಹೇಳಿದಂತೆ ವಾರವಾರಕ್ಕೆ ಇಳಿಸಬೇಕು ಎಂದರು. ಹನ್ನೊಂದೂವರೆಗೆ ಮೊದಲು ಹಾಸಿಗೆ ಮುಟ್ಟಬಾರದು. ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಏನೇ ಆದರೂ ಐದೂವರೆಗೆ ಏಳಬೇಕು. ಬಸ್ಸಿನಲ್ಲಿ ಕಣ್ಣು ಮುಚ್ಚಬಾರದು. ಕೂತರೆ ಮುಚ್ಚುತ್ತವಲ್ಲ ಎಂದೆ. ಹಾಗಾದರೆ ಕೂಡಬೇಡಿ ಎಂದು ಮುಂದಿನ ರೋಗಿಯನ್ನು ಕರೆದರು.

ಈಗ ನಮ್ಮ ಬಸ್ಸಿನ ಬಗ್ಗೆ ಹೇಳಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ, ತಾವರಗೇರಾ ಹಾದು ಹೋಗುವ ಕುಷ್ಟಗಿ ಬಸ್ಸಿನಲ್ಲಿ ಸೀಟು ಸಿಗುವುದೆಂದರೆ ಸಣ್ಣ ಮಾತಲ್ಲ. ಕಿಟಕಿಯಿಂದ ಟವೆಲು, ಚೀಲ, ಕೆಲವೊಮ್ಮೆ ಕೂಸನ್ನೇ ಒಳಗೆ ದಾಟಿಸುತ್ತಾರೆ. ಅಂಥದರಲ್ಲಿ ನನಗೆ ಒಂಬತ್ತು ವರ್ಷ ಸೀಟು ಹಿಡಿದವಳು ತಾವರಗೇರಾ ಆಸ್ಪತ್ರೆಯ ಆಯಾ. ನನಗಿಂತ ಮೊದಲೇ ಸ್ಟ್ಯಾಂಡಿಗೆ ಬಂದು, ಮೂರನೇ ಸಾಲಿನಲ್ಲಿ ಕೂತು, ಪಕ್ಕದಲ್ಲಿ ಊಟದ ಚೀಲ ಇಟ್ಟು ಕಾಯುತ್ತಿದ್ದಳು. ವಯಸ್ಸಿನಲ್ಲಿ ದೊಡ್ಡವಳೆಂದು ನಾನು ಆಕೆಗೆ ಅಕ್ಕ ಎನ್ನುತ್ತೇನೆ, ಶಾಲೆಯವಳೆಂದು ಆಕೆ ನನಗೆ ಅಕ್ಕೋರ ಎನ್ನುತ್ತಾಳೆ. ನಾನು ಕೂತು, ಆರಾಮೇನು ಎಂದು ಕೇಳಿ, ಆಕೆಯ ಹೆಗಲ ಮೇಲೆ ಒರಗಿ ಸತ್ತಂತೆ ಮಲಗುತ್ತಿದ್ದೆ. ಊರು ಬಂದಾಗ ಆಕೆ ಎಬ್ಬಿಸುತ್ತಿದ್ದಳು.

ಆ ಸೋಮವಾರ ಆಕೆ ಚೀಲ ಎತ್ತಿಕೊಂಡು ಸರಿದು ಕೂತಳು. ನಾನು ನಿಂತೇ ಇದ್ದೆ. ಬೆನ್ನುನೋವು ಎಂದೆ. ನಿದ್ದೆ ಬರುವುದಿಲ್ಲ ಎಂದು ಹೇಳಲು ನಾಚಿಕೆ. ತಲೆ ಕೆಟ್ಟಿದೆ ಎಂದುಕೊಂಡಾರು ಎಂಬ ಹೆದರಿಕೆ ಬೇರೆ. ಮರುದಿನ ಬೆನ್ನು ಮರೆತು ಮೊಣಕಾಲು ಎಂದೆ. ಮೊಣಕಾಲು ನೋಯುವವರು ನಿಲ್ಲುತ್ತಾರೆಯೇ ಎಂದು ಕಂಡಕ್ಟರು ಕೇಳಿದ. ಮೂರನೆಯ ದಿನಕ್ಕೆ ಬಸ್ಸೇ ಒಂದು ನಿರ್ಧಾರಕ್ಕೆ ಬಂದಿತ್ತು. ಕನಕಗಿರಿಯಲ್ಲಿ ಇಳಿಯುವ ಮುದುಕಿಯೊಬ್ಬಳು ನನ್ನ ಕಿವಿಗೆ ಬಾಯಿ ಹಚ್ಚಿ ಮೂಲವ್ಯಾಧಿಗೆ ಮೂಲಂಗಿ ರಸ ಛಲೋ ಎಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ದಾರಿ ನೋಡಿದೆ. ಭತ್ತದ ಹಸಿರು ಎಲ್ಲಿ ಮುಗಿದು ಕೆಂಪು ನೆಲ, ಸಜ್ಜೆ, ತೊಗರಿ ಎಲ್ಲಿ ಶುರುವಾಗುತ್ತವೆ ಎಂದು ಕಂಡೆ. ಚೆಂದವಿತ್ತು ಎಂದು ಬರೆದರೆ ಸುಳ್ಳಾದೀತು. ಕಾಲು ಸೇದುತ್ತಿದ್ದವು, ಲೋಕದ ಎಲ್ಲ ಕೂತವರ ಮೇಲೂ ಸಿಟ್ಟಿತ್ತು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮೂರನೇ ಸಾಲಿನಲ್ಲಿ ಬೇರೆ ಯಾರೋ ಕೂತಿದ್ದರು. ಆಯಾ ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ. ಮರುದಿನವೂ ಹಾಗೆಯೇ. ತಾವರಗೇರಾದಲ್ಲಿ ಇಳಿದ ಮೇಲೆ ಬೆನ್ನಟ್ಟಿ ಹೋಗಿ, ಯಾಕೆ ಹಿಂದೆ ಕೂತಿರಿ ಎಂದು ಕೇಳಿದೆ.

"ನಾ ಮುಂದ ಕುಂತ್ರ ನಿಮಗ ನಿಂದ್ರೋ ತ್ರಾಸ ಆಗತೈತಲ್ರಿ," ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ದನಿ ಏರಿಸದೆ, "ಒಂಬತ್ತ್ ವರ್ಷ ಈ ಹೆಗಲ ಮ್ಯಾಲ ಮಲಗೀರಿ. ಫಿನಾಯಿಲ್ ವಾಸನಿ ಈಗ ಬಂತೇನ್ರಿ ಅಕ್ಕೋರ?" ಎಂದು ಕೇಳಿದಳು.

ಆಕೆ ಫಿನಾಯಿಲ್ ಎಂದದ್ದಷ್ಟೇ. ಆದರೆ ನಮ್ಮ ಕಡೆ ಯಾರ ಪಕ್ಕ ಯಾರು ಕೂಡುತ್ತಾರೆ, ಯಾರು ಸೀಟು ಖಾಲಿಯಿದ್ದರೂ ನಿಲ್ಲುತ್ತಾರೆ ಎಂಬುದಕ್ಕೆ ಇರುವ ಅರ್ಥ ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಬಿಟ್ಟ ಸೀಟಿನ ಪಕ್ಕ ಎರಡು ವಾರ ನಿಂತವಳಿಗೆ ಅದು ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ನಾನೊಬ್ಬಳೇ ಇದ್ದೆ. ಅಷ್ಟು ಚಿಂತೆ ಮಾಡುವ ತಲೆ ಅದೊಂದನ್ನು ಚಿಂತಿಸಲಿಲ್ಲ.

ರಾತ್ರಿ ನಿದ್ದೆ ಬರಲೆಂದು ಹಗಲು ನಿದ್ದೆ ಬಿಟ್ಟಿದ್ದೇನೆ, ಕೂತರೆ ಕಣ್ಣು ಮುಚ್ಚುತ್ತದೆ, ಅದಕ್ಕೇ ನಿಲ್ಲುತ್ತೇನೆ ಎಂದು ತೊದಲಿದೆ. ಹೇಳುವಾಗಲೇ ಅದು ಎಷ್ಟು ಹುಸಿಯಾಗಿ ಕೇಳುತ್ತಿದೆ ಎಂದು ತಿಳಿಯುತ್ತಿತ್ತು. ಆಕೆ ಪೂರ್ತಿ ಕೇಳಿ, "ಕಥಿ ಛಲೋ ಕಟ್ಟೀರಿ," ಎಂದು ಆಸ್ಪತ್ರೆಯ ಕಡೆ ನಡೆದಳು.

ನಿಜ ಹೇಳಿದಾಗ ನಂಬದಿದ್ದರೆ ಬರುವ ಸಿಟ್ಟು ಮೊದಲು ಬಂತು. ಶಾಲೆ ಮುಟ್ಟುವಷ್ಟರಲ್ಲಿ ಅದು ನನ್ನ ಕಡೆ ತಿರುಗಿತು. ಹಿಂದಿನ ವರ್ಷ ಆಕೆ ತನ್ನ ಮಗಳ ಕುಬಸಕ್ಕೆ, ಬಸುರಿಗೆ ಉಡಿ ತುಂಬುವ ಊಟಕ್ಕೆ, ಬಾಯ್ತುಂಬ ಕರೆದಿದ್ದಳು. ಶಾಲೆಯಿದೆ ಎಂದು ನಾನು ಹೋಗಿರಲಿಲ್ಲ. ಅಂದು ಭಾನುವಾರ. ಒರಗಲು ಆಕೆಯ ಹೆಗಲು ಬೇಕಿತ್ತು, ಆಕೆಯ ಮನೆಯ ಊಟ ಬೇಡವಾಗಿತ್ತು. ಅತ್ತೆ ಏನೆಂದಾರು ಎಂದು ಆಗ ನೆಪ ಹೇಳಿಕೊಂಡಿದ್ದೆ. ಅತ್ತೆಯನ್ನು ನಾನು ಕೇಳಿಯೇ ಇರಲಿಲ್ಲ.

ಆ ರಾತ್ರಿ ಗುಳಿಗೆ ಪೂರ್ತಿ ನಿಂತು ನಾಲ್ಕನೆಯ ದಿನ. ಎರಡಾದರೂ ಕಣ್ಣು ಅಂಟಲಿಲ್ಲ. ಕಪಾಟಿನಲ್ಲಿ ಸೀರೆಗಳ ಕೆಳಗೆ ಉಳಿದಿದ್ದ ಪಟ್ಟಿ ಕೈಗೆ ಬಂತು. ಒಂದನ್ನು ನುಂಗಿದರೆ ಆಕೆಯ ಆ ಪ್ರಶ್ನೆ ಬೆಳಗಿನವರೆಗೆ ಬಾಯಿ ಮುಚ್ಚುತ್ತದೆ. ಹಾಗೆ ಅನ್ನಿಸಿದ್ದೇ ಮೈ ಉರಿಯಿತು. ಎಲ್ಲವನ್ನೂ ಕಿತ್ತು ಮೋರಿಗೆ ಚೆಲ್ಲಿದೆ. ಮನೋಬಲ ಎನ್ನುವಂಥದ್ದೇನೂ ಅಲ್ಲ, ಬರೀ ಸಿಟ್ಟು. ಆಮೇಲೆ ಅಡುಗೆಮನೆಯಲ್ಲಿ ಕೂತು ಎರಡು ಸೇರು ತೊಗರಿಬೇಳೆ ಆರಿಸಿದೆ. ಹರಳೊಂದೂ ಇರದ ಪ್ಯಾಕೆಟ್ಟಿನ ಬೇಳೆ ಅದು. ಐದೂವರೆಗೆ ಬಸ್ಸಿಗೆ ತಯಾರಾದೆ.

ನಾಲ್ಕು ದಿನ ಬಿಟ್ಟು ಆಕೆ ಮತ್ತೆ ಮೂರನೇ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಚೀಲ.

"ನಮ್ಮ ಡಾಕ್ಟ್ರನ್ನ ಕೇಳಿದ್ನಿ. ಹಂತಾ ಔಷಧ ಐತಂತ, ಖರೇ ಅಂತ," ಎಂದಳು.

ನನ್ನ ಮಾತು ಸಾಲಲಿಲ್ಲವೇ ಎಂದು ಕೇಳಿಬಿಟ್ಟೆ. ನಾಲಗೆಗೆ ಬುದ್ಧಿ ಇಲ್ಲ.

"ನಿಮ್ಮ ಮಾತ್ ಹೆಂಗ್ ನಂಬ್ಲಿರಿ? ಐತವಾರ ಸಾಲಿ ನಡಸೂವ್ರು ನೀವು."

ಕುಬಸದ ಭಾನುವಾರ ಶಾಲೆಯಿರಲಿಲ್ಲವೆಂದು ಆಕೆಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಸೀಟು ಹಿಡಿದಿದ್ದಳು. ತಪ್ಪಾಯಿತು ಎಂದೆ. ಅದಕ್ಕೆ ಆಕೆ ಹೂಂ ಎನ್ನಲೂ ಇಲ್ಲ, ಇರಲಿ ಬಿಡಿ ಎನ್ನಲೂ ಇಲ್ಲ. ಇವತ್ತಿಗೂ ಎಂದಿಲ್ಲ. ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಕುಂದರ್ರಿ. ಹೆಂಗ್ ಮಲಗತೀರಿ ನೋಡ್ತೀನಿ," ಎಂದಳಷ್ಟೇ.

ಅಂದಿನಿಂದ ನನ್ನ ಕಾವಲು ಆಕೆಯದು. ರೆಪ್ಪೆ ಭಾರವಾದರೆ ತೊಡೆ ಚಿವುಟುತ್ತಿದ್ದಳು, ಅದೂ ಮೆಲ್ಲಗಲ್ಲ. ಅತ್ತೆ, ಗಂಡ, ನನ್ನ ಬಿ.ಪಿ., ಎಲ್ಲದರ ವಿಚಾರಣೆ ಬಸ್ಸಿಗೆ ಕೇಳುವ ದನಿಯಲ್ಲಿ ನಡೆಯಿತು. ಮುಚ್ಚಿಡಲು ಎರಡು ವಾರ ಸುಳ್ಳು ಹೇಳಿದ್ದ ಸಂಗತಿ ಎರಡೇ ದಿನಕ್ಕೆ ಕುಷ್ಟಗಿಯವರೆಗೆ ಮುಟ್ಟಿತು. ಕಂಡಕ್ಟರು ಟಿಕೆಟ್ ಹರಿಯುತ್ತ, ನಿನ್ನೆ ಎಷ್ಟು ತಾಸು ಆಯಿತು ಅಕ್ಕೋರ ಎಂದು ಕೇಳತೊಡಗಿದ. ನನಗೆ ಕೆಂಡದಂಥ ಸಿಟ್ಟು. ಆದರೆ ಸಿಟ್ಟು ಬಂದವರಿಗೆ ತೂಕಡಿಕೆ ಬರುವುದಿಲ್ಲ ಎಂಬುದು ಆಕೆಗೆ ತಿಳಿದಿತ್ತೆಂದು ಕಾಣುತ್ತದೆ.

ರಾತ್ರಿಯ ನಿದ್ದೆ ಮೂರು ತಾಸಿದ್ದದ್ದು ನಾಲ್ಕಾಯಿತು, ಮತ್ತೆ ಎರಡಕ್ಕೆ ಇಳಿಯಿತು, ಮತ್ತೆ ಏರಿತು. ಒಂದು ತಿಂಗಳ ಮೇಲಾಗಿರಬೇಕು, ಒಂದು ಬೆಳಿಗ್ಗೆ ಅಲಾರಾಂ ಯಾರದೋ ಮನೆಯಲ್ಲಿ ಹೊಡೆಯುತ್ತಿದೆ ಎಂದುಕೊಂಡೆ. ನನ್ನದೇ ಆಗಿತ್ತು.

ಬಸ್ಸಿನಲ್ಲಿ ಆಕೆ ನನ್ನ ಮುಖ ನೋಡಿದಳು.

"ಎಷ್ಟೊತ್ತಿಗೆ ಹತ್ತಿತ್ರಿ ನಿದ್ದಿ?"

"ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ ಅಂದ್ರ? ಗಡಿಯಾರ ನೋಡ್ಬೇಕಿಲ್ಲೇನ್ರಿ?"

ಹಾಸಿಗೆಗೆ ಹೋದ ಮೇಲೆ ಗಡಿಯಾರ ನೋಡಬಾರದು ಎಂದು ನಮ್ಮ ಡಾಕ್ಟರು ಹೇಳಿದ್ದಾರೆ ಎಂದೆ. ನೋಡದಿದ್ದರೆ ಗುಣವಾಯಿತೋ ಇಲ್ಲವೋ ಹೇಗೆ ತಿಳಿಯುತ್ತದೆ, ತಮ್ಮ ಡಾಕ್ಟರನ್ನು ಕೇಳುತ್ತೇನೆ ಎಂದಳು. ನಿಮ್ಮ ಡಾಕ್ಟರಿಗೂ ನನ್ನ ನಿದ್ದೆಗೂ ಏನು ಸಂಬಂಧ ಎಂದೆ. ತಾವರಗೇರಾದವರೆಗೆ ಇಬ್ಬರೂ ಜಗಳಾಡುತ್ತಲೇ ಹೋದೆವು.